ತುಂಡು ದಾರಿ ಹಾಕಿ, ಸೈಕಲ್ ಎಲ್ಲಿ ಅಂದರೆ?

ಪ್ರೀತಿಯ ಗೆಳೆಯ,

ಮೊನ್ನೆ ಸ್ಕೂಲ್ ಗ್ರೂಪಿನಲ್ಲಿ ನೀನು ಹಾಕಿದ ಮೆಸೇಜ್ ಓದಿದೆ. "ಬೆಂಗಳೂರಲ್ಲಿ ಸೈಕಲ್ ಲೇನ್ ಅಂದ್ರೆ ತೆರಿಗೆ ದುಡ್ಡನ್ನ ಮೋರಿಗೆ ಸುರಿದ ಹಾಗೆ." ಅದಕ್ಕೆ ಎಂಟು ಜನ ಹೆಬ್ಬೆರಳು ಎತ್ತಿದ್ದರು. ಅಲ್ಲಿ ಜಗಳ ಬೇಡ ಅಂತ ಸುಮ್ಮನಾದೆ. ಆದರೆ ಆ ಮಾತು ಬಂದದ್ದು ಯಾರಿಂದ? ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ ದಿನಾ ಸೈಕಲ್ ತುಳಿದುಕೊಂಡು ಆಫೀಸಿಗೆ ಹೋಗುವವನಿಂದ! ಇದನ್ನು ಹೊಟ್ಟೆಯೊಳಗೆ ಇಟ್ಟುಕೊಳ್ಳಲು ಆಗಲಿಲ್ಲ ಮಾರಾಯ, ಅದಕ್ಕೇ ಈ ಪತ್ರ.

ನಿನ್ನ ಮಾತಿನಲ್ಲಿ ಇರುವ ನಿಜವನ್ನು ಮೊದಲು ಒಪ್ಪಿಕೊಂಡುಬಿಡುತ್ತೇನೆ. ಜಯನಗರದಲ್ಲಿ 2012ರಲ್ಲಿ ಸೈಕಲ್ ದಾರಿ ಮಾಡಿದರು. ಆಗ ನೀನಿನ್ನೂ ಇಲ್ಲೇ ಇದ್ದೆ. ಸ್ವಲ್ಪ ದಿನಕ್ಕೇ ಅದರ ಮೇಲೆ ಸಾಲಾಗಿ ಕಾರು ನಿಂತವು. ಪಾರ್ಕಿಂಗಿಗೆ ನಾವೇ ಗೆರೆ ಎಳೆದು ಕೊಟ್ಟ ಹಾಗಾಯಿತು, ಅಲ್ವಾ? ಆಮೇಲೆ 2020ರಲ್ಲಿ, ಕೊರೋನಾ ಕಾಲದಲ್ಲಿ, ಔಟರ್ ರಿಂಗ್ ರೋಡಿನಲ್ಲಿ ಗೂಟ ನೆಟ್ಟು ಸೈಕಲ್ ಲೇನ್ ಮಾಡಿದರು. ನಾನು ಕೆಲವು ತಿಂಗಳು ಅದರಲ್ಲೇ ಓಡಾಡಿದೆ. ಚೆನ್ನಾಗಿತ್ತು ಅಂದರೆ ಸುಳ್ಳಾಗುತ್ತದೆ. ಇನ್ನೂರು ಮೀಟರ್ ಆರಾಮು, ಆಮೇಲೆ ಬಸ್ ಸ್ಟಾಪು. ಮತ್ತೆ ಒಂದಷ್ಟು ದೂರ ಆರಾಮು, ಆಮೇಲೆ ಫ್ಲೈಓವರ್ ಬುಡದಲ್ಲಿ ದಾರಿಯೇ ಮಾಯ. ಎಲ್ಲಿ ಜೀವ ಬಾಯಿಗೆ ಬರುತ್ತದೋ ಸರಿಯಾಗಿ ಅಲ್ಲೇ ಕೈಬಿಡುತ್ತಿತ್ತು. ಟ್ರಾಫಿಕ್ ವಾಪಸ್ ಬಂದಾಗ ಬೈಕಿನವರು ನುಗ್ಗಿದರು. ಗೂಟಗಳು ಒಂದೊಂದಾಗಿ ಮುರಿದವು. ಕೊನೆಗೆ ಮೆಟ್ರೋ ಕೆಲಸ ಬಂತು.

ಇಷ್ಟಕ್ಕೆ ಖರ್ಚು ಮಾಡಿದ ದುಡ್ಡು ದಂಡ ಅಂತ ನೀನು ಹೇಳಿದರೆ ನಾನು ವಾದಕ್ಕೆ ಬರುವುದಿಲ್ಲ.

ಈಗ ನಿನ್ನೂರಿಗೆ ಬರೋಣ. ನೀನು ದಿನಾ ದಾಟುವ ಆ ಹೋವನ್‌ರಿಂಗ್ ಸೇತುವೆ ಯಾವ ವರ್ಷದ್ದು ಗೊತ್ತಾ? ಅದೂ 2012. ಕೆಳಗೆ ಕಾರುಗಳ ಜಂಕ್ಷನ್. ಮೇಲೆ ಒಂದೇ ಕಂಬದಿಂದ ಉಕ್ಕಿನ ಹಗ್ಗಗಳು ಎತ್ತಿ ಹಿಡಿದಿರುವ ದೊಡ್ಡ ಬಳೆ, ಅದರ ಮೇಲೆ ಸೈಕಲ್‌ಗಳು. ನೀನು ಕಳಿಸಿದ ಫೋಟೋ ಇನ್ನೂ ನನ್ನ ಫೋನಿನಲ್ಲಿದೆ. ನಾವು ಜಂಕ್ಷನ್ ಬಂದ ಕೂಡಲೇ ದಾರಿ ನಿಲ್ಲಿಸುತ್ತೇವೆ. ಅವರು ಜಂಕ್ಷನ್ನಿಗೇ ದುಡ್ಡು ಹಾಕಿದರು. ಅಂಥ ಸೇತುವೆ ಇಲ್ಲೂ ಬೇಕು ಅನ್ನುತ್ತಿಲ್ಲ. ಸಿಗ್ನಲ್ಲಿನಲ್ಲಿ ಹತ್ತು ಸೆಕೆಂಡು ಮೊದಲು ಬಿಟ್ಟರೂ ನಮಗೆ ಅದೇ ಹಬ್ಬ.

"ಅದು ಅವರ ಕಲ್ಚರ್ ಕಣೋ" ಅಂತ ಹೋದ ಸಲ ನೀನು ಫೋನಿನಲ್ಲಿ ಹೇಳಿದ್ದೆ. ನಾನೂ ಹಾಗೇ ಅಂದುಕೊಂಡಿದ್ದೆ. ಓದಿ ನೋಡಿದರೆ ಕತೆ ಬೇರೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಲೂ ಕೈಗೆ ದುಡ್ಡು ಬಂತು, ಮನೆಗೆ ಕಾರು ಬಂತು, ಸೈಕಲ್ ಮೂಲೆಗೆ ಹೋಯಿತು. 1971 ಒಂದೇ ವರ್ಷದಲ್ಲಿ ಆ ದೇಶದ ರಸ್ತೆಗಳಲ್ಲಿ 3,000ಕ್ಕಿಂತ ಹೆಚ್ಚು ಜನ ಸತ್ತರು. ಅದರಲ್ಲಿ 400ಕ್ಕಿಂತ ಹೆಚ್ಚು ಮಕ್ಕಳು. ಅಪ್ಪ ಅಮ್ಮಂದಿರು "ಮಕ್ಕಳ ಕೊಲೆ ನಿಲ್ಲಿಸಿ" ಅಂತ ಬೀದಿಗಿಳಿದರು. 1973ರಲ್ಲಿ ಪೆಟ್ರೋಲ್ ಬಿಕ್ಕಟ್ಟೂ ಬಂತು. ಆಮೇಲೆ ಸರ್ಕಾರ ದಾರಿ ಕಟ್ಟಲು ಹೊರಟಿತು.

ಹೊರಟ ಮೊದಲ ಹೆಜ್ಜೆಯಲ್ಲೇ ಅವರೂ ಎಡವಿದರು ಕಣೋ! ನನಗೆ ತುಂಬ ಇಷ್ಟವಾದ ಭಾಗ ಇದು. ಎಪ್ಪತ್ತರ ದಶಕದಲ್ಲಿ ಟಿಲ್‌ಬರ್ಗ್ ಮತ್ತು ಹೇಗ್ ನಗರಗಳಲ್ಲಿ ತಲಾ ಒಂದು ಭಾರಿ ಸೈಕಲ್ ದಾರಿ ಮಾಡಿ ನೋಡಿದರು. ಆ ದಾರಿಯಲ್ಲಿ ಸೈಕಲ್‌ಗಳೇನೋ ಜಾಸ್ತಿಯಾದವು. ಆದರೆ ಅವರಲ್ಲಿ ಹೆಚ್ಚಿನವರು ಅಕ್ಕಪಕ್ಕದ ಬೀದಿಗಳಲ್ಲಿ ಮೊದಲೇ ತುಳಿಯುತ್ತಿದ್ದವರು, ಇಲ್ಲಿಗೆ ಬಂದರು ಅಷ್ಟೆ. ಅಲ್ಲೂ ನಿನ್ನಂಥವರು ಇದ್ದಿರಬೇಕು, "ಸುಮ್ನೆ ದುಡ್ಡು ದಂಡ" ಅಂದಿರಬೇಕು. ಆಮೇಲೆ ಡೆಲ್ಫ್ಟ್ ಅನ್ನುವ ಸಣ್ಣ ಊರಿನಲ್ಲಿ ಬೇರೆ ರೀತಿ ಮಾಡಿದರು. ಒಂದು ದೊಡ್ಡ ದಾರಿಯ ಬದಲು ಇಡೀ ಊರಿಗೆ ಬಲೆ ಹೆಣೆದರು. ಎಲ್ಲಿ ತುಂಡಾಗಿದೆಯೋ ಅಲ್ಲಿ ಸೇತುವೆ, ಸುರಂಗ, ಸಣ್ಣ ಕೊಂಡಿ. ಅಲ್ಲಿ ಸೈಕಲ್ ಬಳಕೆಯೇ ಏರಿತು. ಮೊದಲೇ ಸೈಕಲ್ ತುಂಬಿದ್ದ ಊರು ಅದು, ಅಲ್ಲೇ ಇನ್ನೂ ಏರಿತು.

ಈಗ ನಮ್ಮ ರಿಂಗ್ ರೋಡ್ ನೆನಪಿಸಿಕೊ. ನಾವು ಟಿಲ್‌ಬರ್ಗ್ ಮಾಡಿದೆವು, ಅದನ್ನೂ ಗೂಟ ನೆಟ್ಟು ಮಾಡಿದೆವು. ಬಸ್ಸನ್ನು ಹಾಸನದಿಂದ ಚನ್ನರಾಯಪಟ್ಟಣದ ತನಕ ಬಿಟ್ಟು, ಬೆಂಗಳೂರಿಗೆ ಯಾರೂ ಹತ್ತಲಿಲ್ಲ, ರೂಟ್ ಲಾಸು ಅಂದರೆ ಹೇಗೆ?

"ಸೈಕಲ್ ತುಳಿಯೋರಾದರೂ ಯಾರಿದ್ದಾರೆ?" ಅನ್ನುತ್ತೀಯ. ನೀನು ಶನಿವಾರ ನಂದಿ ಬೆಟ್ಟ ಹತ್ತುವ, ಲಕ್ಷ ರೂಪಾಯಿ ಸೈಕಲ್ಲಿನ ಟೆಕ್ಕಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಳುತ್ತೀಯ. ಅವರಿಗೆ ಲೇನ್ ಬೇಕೇ ಇಲ್ಲ, ಬಸ್ಸಿಗೇ ರೇಸ್ ಕೊಡುತ್ತಾರೆ. ಬೆಳಗ್ಗೆ ಐದೂವರೆಗೆ ಬೆಳ್ಳಂದೂರಿನಲ್ಲಿ ನಿಂತು ನೋಡು. ಪೇಪರ್ ಹಾಕುವವರು, ಗಾರೆ ಕೆಲಸದವರು, ಹೌಸ್‌ಕೀಪಿಂಗ್ ಹೆಂಗಸರು. 2011ರ ಜನಗಣತಿಯಲ್ಲಿ ದೇಶದಾದ್ಯಂತ, ಕೃಷಿ ಬಿಟ್ಟು ಬೇರೆ ಕೆಲಸಕ್ಕೆ ಹೋಗುವವರಲ್ಲಿ ನೂರಕ್ಕೆ ಸುಮಾರು 13 ಜನ ಸೈಕಲ್ಲಿನಲ್ಲೇ ಹೋಗುತ್ತಿದ್ದರು. ಹಳೇ ಲೆಕ್ಕ, ನಿಜ. ಆದರೂ ಸಣ್ಣ ಲೆಕ್ಕ ಅಲ್ಲ.

ನಮ್ಮ ಅಪಾರ್ಟ್‌ಮೆಂಟಿನ ರಾತ್ರಿ ವಾಚ್‌ಮನ್ ರಾಯಚೂರು ಕಡೆಯ ಹುಡುಗ. ಸರ್ಕಾರ 2006-07ರಿಂದ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡುತ್ತಿತ್ತಲ್ಲ, ಅದರಲ್ಲೇ ಕಲಿತವನು. ಈಗ ಸೆಕೆಂಡ್ ಹ್ಯಾಂಡ್ ಸೈಕಲ್ಲಿನಲ್ಲಿ ದಿನಾ ಅಗರದ ತನಕ ಹೋಗಿ ಬರುತ್ತಾನೆ, ಅದೂ ರಾಂಗ್ ಸೈಡಿನಲ್ಲಿ. ಒಂದು ದಿನ ಬೈದೆ. "ಹಿಂದಿಂದ ಬಂದು ಗುದ್ದಿದ್ರೆ ಗೊತ್ತಾಗಲ್ಲ ಸಾರ್. ಎದುರಿಂದ ಬಂದ್ರೆ ಕಾಣಿಸುತ್ತೆ, ಪಕ್ಕಕ್ಕೆ ಹಾರಬಹುದು" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನಿಗೆ ಸೈಕಲ್ ಕೊಡಲು ಸರ್ಕಾರದ ಹತ್ತಿರ ದುಡ್ಡಿತ್ತು. ಅದನ್ನು ಓಡಿಸಲು ಒಂದೂವರೆ ಮೀಟರ್ ಜಾಗ ಕೇಳಿದರೆ ಅದು ದಂಡ.

ದಂಡ ಅಂದ ಕೂಡಲೇ ನೆನಪಾಯಿತು. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುರಂಗ ರಸ್ತೆ ಮಾಡುತ್ತಾರಂತಲ್ಲ, ಹದಿನೇಳು ಕಿಲೋಮೀಟರೂ ಇಲ್ಲ, ಅಂದಾಜು 17 ಸಾವಿರ ಕೋಟಿಗೂ ಜಾಸ್ತಿ. ಕಿಲೋಮೀಟರಿಗೆ ಸಾವಿರ ಕೋಟಿ ಅಂತಿಟ್ಟುಕೊ. ಆ ಸುದ್ದಿಯನ್ನು ಗ್ರೂಪಿನಲ್ಲಿ ಯಾರೋ ಹಾಕಿದ್ದರು. ಅದಕ್ಕೂ ಹೆಬ್ಬೆರಳೇ ಎದ್ದಿತ್ತು. ನಿನ್ನದೂ ಇತ್ತು, ನೋಡಿದೆ.

ಹಾಗಂತ ಊರಿನ ಎಲ್ಲ ರಸ್ತೆಗೂ ಸೈಕಲ್ ದಾರಿ ಹಾಕಿ ಅನ್ನುವವನಲ್ಲ ನಾನು. ಲೇಔಟುಗಳ ಒಳಗಿನ ಕ್ರಾಸುಗಳಲ್ಲಿ ಅದು ಬೇಕಿಲ್ಲ, ಕಾರುಗಳು ನಿಧಾನವಾದರೆ ಸಾಕು. ನಿಮ್ಮಲ್ಲೂ ಮನೆಗಳ ಬೀದಿಯಲ್ಲಿ ಮೂವತ್ತರ ಮಿತಿ ಇಟ್ಟು ಬಿಟ್ಟಿದ್ದಾರೆ ಅಷ್ಟೆ, ಅಲ್ವಾ? ಬಸ್ಸು ಲಾರಿ ಓಡುವ ದೊಡ್ಡ ರಸ್ತೆಗಳಲ್ಲಿ ಬೇಕು. ಮನೆಯಿಂದ ಮೆಟ್ರೋ ಸ್ಟೇಷನ್ನಿಗೆ, ಶಾಲೆಗೆ ಬೇಕು. ಒಂದು ಬಡಾವಣೆ ಹಿಡಿದರೆ ಅದನ್ನು ಪೂರ್ತಿ ಮಾಡಬೇಕು. ಮತ್ತೆ ಯಾರಾದರೂ ಮೂರು ಕಿಲೋಮೀಟರ್ ಬಣ್ಣ ಹಚ್ಚಿ ರಿಬ್ಬನ್ ಕತ್ತರಿಸಲು ಬಂದರೆ ನಾನೇ ಬೇಡ ಅನ್ನುತ್ತೇನೆ. ಆ ದುಡ್ಡಿನಲ್ಲಿ ಫುಟ್‌ಪಾತಿನ ಕಲ್ಲಾದರೂ ಸರಿ ಮಾಡಲಿ.

ಬೈಕುಗಳು ನುಗ್ಗುವುದನ್ನು ತಡೆಯುವುದು ಹೇಗೆ ಅಂತ ಕೇಳಿದರೆ ನನಗೂ ತಲೆ ಓಡುವುದಿಲ್ಲ. ಫುಟ್‌ಪಾತ್ ಮೇಲೇ ಹೋಗುವವರು ಅವರು. ಎತ್ತರ ಮಾಡಿದರೆ ಎಳನೀರಿನವನು ಗಾಡಿ ಹಚ್ಚುತ್ತಾನೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೂ ಜಾಗ ಕೊಟ್ಟಿಲ್ಲವಲ್ಲ ನಾವು. ಕಾರು ನಿಲ್ಲಿಸಿ ಹೋಗುವವರ ಮೇಲೆ ಮಾತ್ರ ಇದೆ.

ಟಿಲ್‌ಬರ್ಗ್ ನಿನಗೆ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಒಂದು ಭಾನುವಾರ ಹೋಗಿ, ಆ ಹಳೇ ದಾರಿಯ ಗುರುತೇನಾದರೂ ಉಳಿದಿದೆಯಾ ನೋಡಿ ಬಾ. ಫೋಟೋ ಕಳಿಸು.

ಜನವರಿಯಲ್ಲಿ ಬರುತ್ತೀಯಲ್ಲ, ಒಂದು ದಿನ ಬೆಳಗ್ಗೆ ನಮ್ಮ ವಾಚ್‌ಮನ್ ಜೊತೆ ಅಗರದ ತನಕ ಹೋಗಿ ಬರೋಣ. ಪಕ್ಕದ ಮನೆ ಹುಡುಗನ ಸೈಕಲ್ ನಿನಗೆ ಅಂತ ಕೇಳಿಟ್ಟಿರುತ್ತೇನೆ. ಹೆಲ್ಮೆಟ್ ಮಾತ್ರ ನೀನೇ ತಗೊಂಡು ಬಾ. ಅಲ್ಲಿ ಯಾರೂ ಹಾಕಿಕೊಳ್ಳುವುದಿಲ್ಲ ಅಂತ ಗೊತ್ತು. ಇಲ್ಲಿ ಬೇಕಾಗುತ್ತದೆ.

ನಿನ್ನ,
ಹಾಸನದ ಹಳೇ ಡಬಲ್ ರೈಡಿಂಗ್ ಗೆಳೆಯ