ಶಾಸಕರೇ, ಆ ಗ್ಯಾಲರಿಯನ್ನು ಚಿತ್ರಗಳಿಗೆ ಬಿಟ್ಟುಕೊಡಿ

ಮಾನ್ಯ ಶಾಸಕರಿಗೆ,

ನಮಸ್ಕಾರ ಸರ್. ಕನ್ನಡದಲ್ಲೇ ಬರೆಯುತ್ತಿದ್ದೇನೆ. ಮುಂಬೈಯ ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ಬಂದಾಗ ನೀವೇ ಅಲ್ವಾ ಮೈಕ್ ಹಿಡಿದು ಹೇಳಿದ್ದು, ನಾನೂ ಊರಿನವನೇ, ನನ್ನ ಹತ್ತಿರ ಕನ್ನಡದಲ್ಲೇ ಮಾತಾಡಿ ಅಂತ. ಮರಾಠಿಯಲ್ಲಿ ಕೊಟ್ಟ ಅರ್ಜಿ ನಿಮ್ಮ ಜನಸಂಪರ್ಕ ಕಚೇರಿಯಲ್ಲಿ ಯಾವ ಫೈಲಿನ ಅಡಿಯಲ್ಲಿದೆಯೋ ಗೊತ್ತಿಲ್ಲ. ಮೊಹರು ಹಾಕಿಸಿಕೊಂಡ ಪ್ರತಿ ಮಾತ್ರ ನನ್ನ ಹತ್ತಿರ ಇದೆ. ಅದಕ್ಕೇ ಈಗ ನಾಲ್ಕು ಜನ ಓದುವ ಹಾಗೆ ಬರೆಯಬೇಕಾಯಿತು.

ಕೇಳುವುದು ಒಂದೇ. ನಿಮ್ಮ ನಿಧಿಯಿಂದ ಕಟ್ಟಿಸಿದ ಸಭಾಗೃಹದ ಮೊದಲ ಮಹಡಿಯಲ್ಲಿ ಕಲಾ ಗ್ಯಾಲರಿ ಅಂತ ಒಂದು ಇದೆ. ಅದನ್ನು ಚಿತ್ರಗಳಿಗೆ ಮಾತ್ರ ಬಿಟ್ಟುಕೊಡಿ.

ಹೋದ ತಿಂಗಳು ಅಲ್ಲಿ ನಮ್ಮ ಪೇಂಟರ್ ಅಣ್ಣನ ಪ್ರದರ್ಶನ ಇತ್ತು. ಏಳು ದಿನದ ಬುಕಿಂಗ್. ಬಾಡಿಗೆ, ಡಿಪಾಸಿಟ್ಟು ಎರಡೂ ಮೊದಲೇ ಕಟ್ಟಿದ್ದರು, ರಸೀತಿ ಇದೆ. ಅವರು ಯಾರು ಅಂತ ನಿಮಗೆ ಹೇಳಬೇಕಾಗಿಲ್ಲ. ನಿಮ್ಮ ಮೊದಲ ಚುನಾವಣೆಗೆ ಏರಿಯಾದ ಗೋಡೆಗಳ ಮೇಲೆಲ್ಲ ನಿಮ್ಮ ಹೆಸರು ಬರೆದವರು ಅವರೇ. ಚಿಕ್ಕ ವಯಸ್ಸಿನಲ್ಲಿ ಉಡುಪಿ ಕಡೆಯಿಂದ ಬಂದು ಹೋಟೆಲಿನಲ್ಲಿ ಲೋಟ ತೊಳೆದರು, ಕನ್ನಡದ ರಾತ್ರಿ ಶಾಲೆಯಲ್ಲಿ ಓದಿದರು. ಮುಂಬೈ ಕನ್ನಡಿಗರ ಅರ್ಧ ಕಥೆ ಹೀಗೇ ಶುರುವಾಗುತ್ತದೆ ಬಿಡಿ. ಆಮೇಲೆ ಬೋರ್ಡು ಬರೆಯುವುದನ್ನು ಕಲಿತರು. ಫ್ಲೆಕ್ಸ್ ಬಂತು, ಬೋರ್ಡಿನ ಕೆಲಸ ಹೋಯಿತು. ಕೈ ಸುಮ್ನೆ ಕೂರಲಿಲ್ಲ. ಕ್ಯಾನ್ವಾಸ್ ತಂದು ಚಾಳಿನ ವರಾಂಡದಲ್ಲೇ, ಬಟ್ಟೆ ಒಣಗಿಸುವ ಹಗ್ಗದ ಕೆಳಗೆ ಕೂತು ಚಿತ್ರ ಬಿಡಿಸತೊಡಗಿದರು. ಇದು ಅವರ ಮೊದಲ ಪ್ರದರ್ಶನ.

ಅವರ ಚಿತ್ರಗಳಲ್ಲಿ ದೇವರಿಲ್ಲ, ಕೊಡ ಹೊತ್ತ ಹೆಂಗಸರಿಲ್ಲ. ಅಕ್ಷರಗಳಿವೆ, ಅವೂ ಅರ್ಧಂಬರ್ಧ. ಕನ್ನಡದ ಒಂದು ತಲೆಕಟ್ಟು, ದೇವನಾಗರಿಯ ಒಂದು ಮೇಲ್ಗೆರೆ, ಇಂಗ್ಲಿಷಿನ ಒಂದು ಬಾಲ. ಎದುರು ಗೋಡೆಯಲ್ಲಿ ಎಂಟು ಅಡಿ ಅಗಲದ ಒಂದು ದೊಡ್ಡ ಚಿತ್ರ ಇತ್ತು. ಹೋಟೆಲ್ ಬೋರ್ಡಿನ ಹಳದಿ, ಅದರ ಮೇಲೆ ಕೆಂಪು. ದೂರದಿಂದ ಬರೀ ಪಟ್ಟಿಗಳು. ಹತ್ತಿರ ಹೋದರೆ ಹಳದಿಯ ಅಡಿಯಲ್ಲಿ ಇನ್ನೊಂದು ಬೋರ್ಡು, ಅದರ ಅಡಿಯಲ್ಲಿ ಮತ್ತೊಂದು. ಹಳೇ ಹೋಟೆಲು ಮುಚ್ಚಿ ಮೊಬೈಲ್ ಅಂಗಡಿ ಬಂದಾಗ ಹಳೇ ಹೆಸರಿನ ಮೇಲೆ ಬಣ್ಣ ಬಳಿಯುತ್ತಾರಲ್ಲ, ಎರಡು ಮಳೆಗಾಲ ಕಳೆದ ಮೇಲೆ ಆ ಹೆಸರು ನಿಧಾನಕ್ಕೆ ಮತ್ತೆ ಕಾಣಿಸಿಕೊಳ್ಳುತ್ತದಲ್ಲ, ಅದನ್ನೇ ಅವರು ಬಿಡಿಸಿದ್ದಾರೆ. ಬೋರ್ಡಿನವರು ಅಕ್ಷರ ಬರೆಯುವ ಮೊದಲು ದಾರಕ್ಕೆ ಸೀಮೆಸುಣ್ಣದ ಪುಡಿ ಹಚ್ಚಿ, ಬಿಗಿಯಾಗಿ ಹಿಡಿದು, ಎಳೆದು ಬಿಟ್ಟು ಗೆರೆ ಹೊಡೆಯುತ್ತಾರೆ. ಬಣ್ಣ ಒಣಗಿದ ಮೇಲೆ ಗೆರೆ ಒರೆಸಿಬಿಡುತ್ತಾರೆ. ಈ ಚಿತ್ರದಲ್ಲಿ ಅಣ್ಣ ಒಂದು ಗೆರೆಯನ್ನೂ ಒರೆಸಿಲ್ಲ. ಜೀವಮಾನವಿಡೀ ಒರೆಸಿದ್ದನ್ನೆಲ್ಲ ಇಲ್ಲಿ ಉಳಿಸಿಕೊಂಡಿದ್ದಾರೆ. ನಾನು ಅದರ ಮುಂದೆ ತುಂಬಾ ಹೊತ್ತು ನಿಂತಿದ್ದೆ. ಎಲ್ಲ ಚಿತ್ರಗಳೂ ಒಂದೇ ಮಟ್ಟದಲ್ಲಿರಲಿಲ್ಲ, ಅದನ್ನೂ ಹೇಳುತ್ತೇನೆ. ಕಡಲಿನ ಸಣ್ಣ ಚಿತ್ರಗಳಲ್ಲಿ ನೀಲಿ ಜಾಸ್ತಿಯಾಗಿತ್ತು, ಕ್ಯಾಲೆಂಡರ್ ನೋಡಿದ ಹಾಗೆ ಅನಿಸಿತು. ಆದರೆ ಆ ಹಳದಿ ಚಿತ್ರವನ್ನು ಮುಂಬೈಯ ಯಾವ ದೊಡ್ಡ ಗ್ಯಾಲರಿಯಲ್ಲಿ ತೂಗುಹಾಕಿದರೂ ಅದು ತನ್ನ ಜಾಗದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ.

ಮೂರನೇ ದಿನ ನಿಮ್ಮ ಹುಟ್ಟುಹಬ್ಬ.

ಕೆಳಗಿನ ಹಾಲ್‌ನಲ್ಲಿ ರಕ್ತದಾನ ಶಿಬಿರ. ಅದು ಒಳ್ಳೆಯ ಕೆಲಸವೇ. ಬೆಳಿಗ್ಗೆ ನಿಮ್ಮ ಕಾರ್ಯಕರ್ತರು ಮೇಲೆ ಬಂದು, ಊಟಕ್ಕೆ ಜಾಗ ಸಾಲುವುದಿಲ್ಲ, ಮಧ್ಯಾಹ್ನದೊಳಗೆ ಇದನ್ನು ಖಾಲಿ ಮಾಡಿ ಅಂದರು. ಅಣ್ಣ ರಸೀತಿ ತೋರಿಸಿದರು. ರಸೀತಿಯ ಹಿಂದೆಯೇ ನಿಯಮ ಅಚ್ಚಾಗಿದೆ: ಗ್ಯಾಲರಿ ಕಲಾಪ್ರದರ್ಶನಕ್ಕೆ ಮಾತ್ರ, ಬುಕಿಂಗ್ ರದ್ದು ಮಾಡಬೇಕಾದರೆ ಲಿಖಿತ ನೋಟಿಸು ಕೊಡಬೇಕು. ನಿಯಮ ನಿಮಗೆ ಗೊತ್ತೇ ಇದೆ, ಸಭಾಗೃಹದ ಸಮಿತಿಗೆ ಅಧ್ಯಕ್ಷರು ನೀವೇ. ಒಬ್ಬ ಹುಡುಗ ರಸೀತಿಯನ್ನು ಓದದೆ ವಾಪಸ್ ಕೊಟ್ಟು, ಇದರಲ್ಲಿ ಏನಿದೆ ಕಾಕಾ, ಬಣ್ಣ ಚೆಲ್ಲಿದ ಹಾಗಿದೆ, ನಾಳೆ ಮತ್ತೆ ಹಾಕಿಕೊಳ್ಳಿ ಅಂದ.

ಚಿತ್ರಗಳನ್ನು ಆ ಕಾರ್ಯಕರ್ತರೇ ಇಳಿಸಿದರು. ಮುಖಕ್ಕೆ ಮುಖ ಒತ್ತಿ, ನಡುವೆ ಒಂದು ಹಾಳೆ ಕಾಗದವನ್ನೂ ಇಡದೆ, ಮೆಟ್ಟಿಲ ಕೆಳಗೆ ನೀರಿನ ಫಿಲ್ಟರಿನ ಪಕ್ಕ ಪೇರಿಸಿದರು. ಆಕ್ರಿಲಿಕ್ ಬಣ್ಣ ಒಣಗಿದ ಹಾಗೆ ಕಂಡರೂ ಈ ಊರಿನ ಸೆಕೆಗೆ ಮೆತ್ತಗೇ ಇರುತ್ತದೆ ಸರ್. ಒತ್ತಿ ಇಟ್ಟರೆ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಸಂಜೆ ಬಿಡಿಸಲು ಹೋದಾಗ ಒಂದರ ಕೆಂಪು ಇನ್ನೊಂದರ ಮೇಲೆ ಬಂತು, ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದಿತು. ಆ ಸದ್ದು ಕೇಳಿ ಅಣ್ಣ ಕೈ ಬಿಟ್ಟರು. ಮುಂದಿನದನ್ನು ಬಿಡಿಸಲು ಅವರಿಗೆ ಆಗಲೇ ಇಲ್ಲ.

ದೊಡ್ಡ ಚಿತ್ರವನ್ನು ಇಳಿಸಲಾಗಲಿಲ್ಲ. ಮೆಟ್ಟಿಲ ತಿರುವಿನಲ್ಲಿ ಅದು ಹಿಡಿಯುವುದಿಲ್ಲ, ಸುತ್ತಿ ತಂದು ಮೇಲೆಯೇ ಚೌಕಟ್ಟಿಗೆ ಬಿಗಿದಿದ್ದೆವು. ಅದನ್ನು ಹಾಗೇ ಬಿಟ್ಟು ಅದರ ಮೇಲೆ ನಿಮ್ಮ ಶುಭಾಶಯದ ಫ್ಲೆಕ್ಸ್ ಕಟ್ಟಿದರು. ಕಟ್ಟಿದರು ಅಂದರೆ ಮೊಳೆ ಹೊಡೆದರು. ಎರಡು ಮೊಳೆ ಕ್ಯಾನ್ವಾಸಿನೊಳಗಿಂದಲೇ ಗೋಡೆಗೆ ಹೋಗಿವೆ. ಫೋಟೋ ಇದೆ, ಅರ್ಜಿಗೆ ಲಗತ್ತಿಸಿದ್ದೇನೆ. ಅದರ ಮುಂದೆಯೇ ಟೇಬಲ್ ಹಾಕಿ ಪೂರಿ ಭಾಜಿ ಬಡಿಸಿದರು. ನೀವು ಬಂದಿರಿ, ಆ ಫ್ಲೆಕ್ಸಿನ ಮುಂದೆ ನಿಂತು ಕೇಕ್ ಕತ್ತರಿಸಿದಿರಿ. ಹಿಂದೆ ಏನಿದೆ ಅಂತ ನಿಮಗೆ ಯಾರೂ ಹೇಳಿರಲಿಕ್ಕಿಲ್ಲ ಅಂತ ಇವತ್ತಿಗೂ ನಂಬಿದ್ದೇನೆ. ಆದರೆ ಅರ್ಜಿ ಕೊಟ್ಟ ಮೇಲೆ ಗೊತ್ತಾಗಿದೆ ಅಲ್ವಾ?

ವಾರ ಕಳೆದ ಮೇಲೆ ಡಿಪಾಸಿಟ್ಟು ಕೇಳಲು ಹೋದರೆ ಸಮಿತಿಯವರು ಅದರಲ್ಲಿ ದುಡ್ಡು ಮುರಿದುಕೊಂಡರು. ಕಾರಣ, ಗೋಡೆಗೆ ಮೊಳೆ ಹೊಡೆದು ಹಾನಿ ಮಾಡಿದ್ದಾರೆ ಅಂತ. ಅಣ್ಣ ಚಿತ್ರ ತೂಗುಹಾಕಿದ್ದು ಅಲ್ಲಿರುವ ಕಬ್ಬಿಣದ ಪಟ್ಟಿಯಿಂದ, ಸರಪಳಿಯಲ್ಲಿ. ಒಂದು ಮೊಳೆಯನ್ನೂ ಅವರು ಮುಟ್ಟಿಲ್ಲ. ಇದನ್ನು ಬರೆಯುವಾಗಲೂ ನನ್ನ ಕೈ ನಡುಗುತ್ತಿದೆ. ಎಷ್ಟು ಅಂತ ಸಹಿಸಬೇಕು ನಾವು?

ಇದು ಒಂದು ದಿನದ ಮಾತೂ ಅಲ್ಲ. ವರ್ಷಗಳಿಂದ ನೋಡುತ್ತಿದ್ದೇವೆ. ಆ ಗ್ಯಾಲರಿಯಲ್ಲಿ ಸೀರೆ ಸೇಲ್ ಆಗುತ್ತದೆ, ಸಾಖರಪುಡ ಅಂದರೆ ನಿಶ್ಚಿತಾರ್ಥ ಆಗುತ್ತದೆ, ಉಳಿದ ದಿನ ಪ್ಲಾಸ್ಟಿಕ್ ಕುರ್ಚಿ ಪೇರಿಸಿಡುತ್ತಾರೆ. ಜೂನ್ ಬಂದರೆ ಕಿಟಕಿ ಪಕ್ಕದ ಮೂಲೆಯಲ್ಲಿ ನೀರು ಇಳಿಯುತ್ತದೆ. ಚಿತ್ರಕ್ಕೆ ಅಂತ ಹಾಕಿಸಿದ ದೀಪಗಳಲ್ಲಿ ಉರಿಯುವುದು ಕೆಲವೇ. ನಾನು ದಕ್ಷಿಣ ಮುಂಬೈಯ ಫೋರ್ಟಿನಲ್ಲಿ ಕೆಲಸ ಮಾಡುವವಳು. ನಿಮ್ಮ ಕಚೇರಿಗೆ ಬರಬೇಕಾದರೆ ಅರ್ಧ ದಿನ ರಜೆ ಹಾಕಿ, ಲೋಕಲ್ ಹಿಡಿದು, ನೂಕುನುಗ್ಗಲಿನಲ್ಲಿ ಇಳಿದು ಓಡಿಬರಬೇಕು. ಬಂದರೆ ಸಾಹೇಬರು ಮಂತ್ರಾಲಯದಲ್ಲಿ, ಅಂದರೆ ಸರ್ಕಾರದ ಸಚಿವಾಲಯದಲ್ಲಿ ಇದ್ದಾರೆ. ಇನ್ನೊಂದು ಸಲ ಬಂದರೆ ಪಿ.ಎ. ಊಟಕ್ಕೆ ಹೋಗಿದ್ದಾರೆ. ಮನೆಯಲ್ಲಿ ಅತ್ತೆಗೆ ಹುಷಾರಿಲ್ಲ, ಅವರಿಗೆ ಮಾತ್ರೆ ಕೊಡುವ ಹೊತ್ತಿಗೆ ನಾನು ನಿಮ್ಮ ಕಚೇರಿಯ ಬೆಂಚಿನ ಮೇಲೆ ಕೂತಿರುತ್ತೇನೆ. ಕೊನೆಗೆ ಸಿಕ್ಕ ಪಿ.ಎ. ನನಗೆ ಕೇಳಿದ್ದು, ಪೇಂಟರ್ ನಿಮಗೇನಾಗಬೇಕು ಅಂತ. ಏನೂ ಆಗಬೇಕಿಲ್ಲ. ಅವರು ಚಿತ್ರ ಬಿಡಿಸಿದರು, ನಾನು ನೋಡಿದೆ. ಅಷ್ಟು ಸಾಲದಾ?

ಚಿತ್ರ ತೋರಿಸಬೇಕಾದರೆ ಜಹಾಂಗೀರ್ ಆರ್ಟ್ ಗ್ಯಾಲರಿ ಇದೆಯಲ್ಲ ಅಂತಲೂ ಪಿ.ಎ. ಅಂದರು. ಆಫೀಸಿಗೆ ಹತ್ತಿರ, ನಾನು ಊಟದ ಬಿಡುವಿನಲ್ಲಿ ಅಲ್ಲಿಗೆ ಹೋಗುತ್ತಿರುತ್ತೇನೆ. ಅಲ್ಲಿ ಜಾಗ ಸಿಗಬೇಕಾದರೆ ವರ್ಷಗಟ್ಟಲೆ ಕಾಯಬೇಕು, ಎಷ್ಟೋ ಜನ ಅದರ ಹೊರಗೆ ಫುಟ್‌ಪಾತಿನಲ್ಲೇ ಚಿತ್ರ ಇಟ್ಟು ಕೂರುತ್ತಾರೆ. ಆ ಗ್ಯಾಲರಿ ಆಗಿದ್ದಾದರೂ ಹೇಗೆ? 1952ರಲ್ಲಿ ಸರ್ ಕಾವಸ್‌ಜೀ ಜಹಾಂಗೀರ್ ತೀರಿಕೊಂಡ ಮಗನ ಹೆಸರಿನಲ್ಲಿ ಕಟ್ಟಿಸಿಕೊಟ್ಟರು. ಕಲಾವಿದರಿಗೆ ಒಂದು ಜಾಗ ಬೇಕೇ ಬೇಕು ಅಂತ ಅವರ ಬೆನ್ನು ಹತ್ತಿದವರು ವಿಜ್ಞಾನಿ ಹೋಮಿ ಭಾಭಾ ಮತ್ತು ನಮ್ಮ ಚಿತ್ರಕಲಾವಿದ ಕೆ.ಕೆ. ಹೆಬ್ಬಾರರು. ಉಡುಪಿ ಹತ್ತಿರದ ಕಟ್ಟಿಂಗೇರಿಯ ಹೆಬ್ಬಾರರು. ಅವರ ಹೆಸರನ್ನು ನೀವು ಸಂಘದ ಭಾಷಣದಲ್ಲಿ ಹೆಮ್ಮೆಯಿಂದ ಹೇಳಿದಿರಿ, ನಾವು ಚಪ್ಪಾಳೆ ತಟ್ಟಿದೆವು. ಬೋರ್ಡಿನವನು ಎಂಥ ಕಲಾವಿದ ಅನ್ನುವವರಿಗೂ ಈ ಊರಿನಲ್ಲೇ ಉತ್ತರ ಇದೆ. ಎಂ.ಎಫ್. ಹುಸೇನ್ ಇಲ್ಲಿ ಸಿನಿಮಾ ಹೋರ್ಡಿಂಗ್ ಬರೆದು ಹೊಟ್ಟೆ ಹೊರೆದವರು. ಕೆ.ಎಚ್. ಆರಾ ಕಾರು ತೊಳೆದವರು. 1947ರಲ್ಲಿ ಸೂಜಾ, ರಜಾ ಅವರ ಜೊತೆ ಸೇರಿ ಇವರು ಕಟ್ಟಿದ ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗುಂಪಿನ ಚಿತ್ರಗಳು ಇವತ್ತು ಕೋಟಿಗಟ್ಟಲೆ ಬೆಲೆಗೆ ಹೋಗುತ್ತವೆ.

ಜಹಾಂಗೀರ್ ಹತ್ತಿರದಲ್ಲೇ ಇರುವ ಕಾವಸ್‌ಜೀ ಜಹಾಂಗೀರ್ ಹಾಲ್ ಕೂಡ ಒಂದು ಕಾಲದಲ್ಲಿ ಬಾಕ್ಸಿಂಗಿಗೆ, ಮದುವೆಗೆ, ಯೂನಿಯನ್ ಮೀಟಿಂಗಿಗೆ ಕಡಿಮೆ ಬಾಡಿಗೆಗೆ ಹೋಗುತ್ತಿತ್ತು. ಶಿಲ್ಪಿ ಪೀಲೂ ಪೋಚಖಾನಾವಾಲಾ, ಗ್ಯಾಲರಿ ನಡೆಸುತ್ತಿದ್ದ ಕೇಕೂ ಗಾಂಧಿ ಅಂಥವರು ಹಟ ಹಿಡಿದದ್ದಕ್ಕೆ ಅದು 1996ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವಾಯಿತು. ಅವರು ಮದುವೆ ಹಾಲನ್ನು ಗ್ಯಾಲರಿ ಮಾಡಿಸಿದರು. ನಿಮ್ಮ ಸಮಿತಿ ಗ್ಯಾಲರಿಯನ್ನು ಊಟದ ಹಾಲ್ ಮಾಡಿದೆ.

ಮಕ್ಕಳ ವಿಷಯ ಹೇಳದಿದ್ದರೆ ಈ ಪತ್ರ ಬರೆದೂ ಪ್ರಯೋಜನ ಇಲ್ಲ. ಎರಡನೇ ದಿನ ಹತ್ತಿರದ ಶಾಲೆಯ ಡ್ರಾಯಿಂಗ್ ಟೀಚರ್ ಮಕ್ಕಳನ್ನು ಕರೆತಂದಿದ್ದರು. ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಡ್ರಾಯಿಂಗ್ ಪರೀಕ್ಷೆಗೆ ಕೂರುವ ಮಕ್ಕಳು. ಹತ್ತನೇ ಕ್ಲಾಸಿನಲ್ಲಿ ಅದಕ್ಕೆ ಹೆಚ್ಚಿನ ಅಂಕ ಕೊಡುವುದು ನಿಮ್ಮದೇ ಮಹಾರಾಷ್ಟ್ರ ಸರ್ಕಾರ. ಆ ಮಕ್ಕಳಲ್ಲಿ ಜಾಸ್ತಿ ಜನ ಕೈಯಲ್ಲಿ ಬಿಡಿಸಿದ ಇಷ್ಟು ದೊಡ್ಡ ಚಿತ್ರವನ್ನು ಎದುರಿಗೆ ನೋಡಿರಲೇ ಇಲ್ಲ. ಒಬ್ಬಳು ಹುಡುಗಿ ಅಣ್ಣನಿಗೆ, ಅಂಕಲ್, ಈ ಗೆರೆ ಅಳಿಸಲು ಮರೆತಿರಾ ಅಂತ ಕೇಳಿದಳು. ಅಣ್ಣ ಜೇಬಿನಿಂದ ದಾರ ತೆಗೆದು, ಅವಳ ಕೈಗೆ ಒಂದು ತುದಿ ಕೊಟ್ಟು, ಒಂದು ರಟ್ಟಿನ ಮೇಲೆ ಗೆರೆ ಹೊಡೆದು ತೋರಿಸಿದರು. ಮಕ್ಕಳೆಲ್ಲ ನನಗೆ ನನಗೆ ಅಂತ ಮುಗಿಬಿದ್ದರು. ಇನ್ನೊಂದು ಶಾಲೆಯವರು ನಾಲ್ಕನೇ ದಿನ ಬರುವವರಿದ್ದರು. ಅವರು ಬಂದಾಗ ಗ್ಯಾಲರಿಯಲ್ಲಿ ಎಂಜಲು ತಟ್ಟೆಗಳಿದ್ದವು. ಬಾಗಿಲಿನಿಂದಲೇ ವಾಪಸ್ ಹೋದರು.

ಆದ್ದರಿಂದ ಮತ್ತೆ ಅದನ್ನೇ ಕೇಳುತ್ತೇನೆ. ಗ್ಯಾಲರಿಯನ್ನು ಚಿತ್ರಗಳಿಗೆ ಮಾತ್ರ ಬಿಟ್ಟುಕೊಡಿ. ಊಟಕ್ಕೆ, ಸೇಲಿಗೆ, ಹುಟ್ಟುಹಬ್ಬಕ್ಕೆ ಕೊಡಬಾರದು ಅಂತ ಸಮಿತಿಗೆ ಲಿಖಿತ ಆದೇಶ ಕಳಿಸಿ. ಮುರಿದುಕೊಂಡ ದುಡ್ಡು ಅಣ್ಣನಿಗೆ ವಾಪಸ್ ಕೊಡಿಸಿ, ಹಾಳಾದ ಚಿತ್ರಗಳ ರಿಪೇರಿ ಖರ್ಚು ಸಮಿತಿಯೇ ಕೊಡಲಿ. ಹೋದ ದಿನಗಳ ಬದಲಿಗೆ ಬೇರೆ ದಿನ ಕೊಡಿಸಿ. ಮಳೆ ಶುರುವಾಗುವ ಮುಂಚೆ ಆ ಮೂಲೆಯ ಸೋರಿಕೆ ನಿಲ್ಲಿಸಿ, ದೀಪ ಹಾಕಿಸಿ. ಇಷ್ಟರಲ್ಲಿ ನಿಮ್ಮ ಕೈಯಲ್ಲಿ ಆಗದ್ದು ಯಾವುದೂ ಇಲ್ಲ.

ಪಿ.ಎ. ಕೈಯಲ್ಲಿ ಫೋನ್ ಮಾಡಿಸುವುದು ಬೇಡ ಸರ್. ಉತ್ತರ ಬರಹದಲ್ಲೇ ಕೊಡಿ, ಒಂದು ಪ್ರತಿ ಪೇಂಟರ್ ಅಣ್ಣನಿಗೆ ತಲುಪಿಸಿ. ಮತ್ತು ಒಮ್ಮೆ ನೀವೇ ಅವರ ಚಾಳಿಗೆ ಹೋಗಿ ಆ ಹಳದಿ ಚಿತ್ರ ನೋಡಿಬನ್ನಿ. ಮೊಳೆಯ ತೂತು ಮೇಲಿನ ಅಂಚಿನಲ್ಲಿದೆ, ಎಡಗಡೆ ಒಂದು, ಬಲಗಡೆ ಒಂದು.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರಳು
ಮುಂಬೈ