ಕರಾರಿನ ಷರತ್ತು ರದ್ದು ಮಾಡುವ ಅಧಿಕಾರ ಜಿಲ್ಲಾ ಆಯೋಗಕ್ಕೂ ಸಿಗಲಿ: ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಶ್ರೀ ಪ್ರಹ್ಲಾದ ಜೋಶಿ ಅವರಿಗೆ ನಮಸ್ಕಾರಗಳು.

‘ಅನ್ಯಾಯದ ಕರಾರು’ ಎಂದರೆ ಏನೆಂದು ನಮ್ಮ ಗ್ರಾಹಕ ಕಾನೂನು ಮೊದಲು ಹೇಳಿದ್ದು 2019ರಲ್ಲಿ. ಗ್ರಾಹಕ ಸಂರಕ್ಷಣಾ ಕಾಯ್ದೆಯ ಕಲಂ 2(46) ಆರು ಬಗೆಗಳನ್ನು ಹೆಸರಿಸಿದೆ: ಮಿತಿಮೀರಿದ ಠೇವಣಿ; ಆದ ನಷ್ಟಕ್ಕೆ ತಾಳೆಯಾಗದ ದಂಡ; ದಂಡ ಕಟ್ಟುತ್ತೇನೆಂದರೂ ಅವಧಿಗೆ ಮುಂಚೆ ಸಾಲ ತೀರಿಸಲು ಬಿಡದಿರುವುದು; ಸಕಾರಣವಿಲ್ಲದೆ ಒಬ್ಬರೇ ಕರಾರು ಮುರಿಯುವುದು; ಗ್ರಾಹಕರನ್ನು ಕೇಳದೆ, ಅವರಿಗೆ ನಷ್ಟವಾಗುವಂತೆ ಕರಾರನ್ನು ಇನ್ನೊಬ್ಬರಿಗೆ ದಾಟಿಸುವುದು; ಗ್ರಾಹಕರಿಗೆ ಹಾನಿಯಾಗುವಂಥ ಅಸಮಂಜಸ ಶುಲ್ಕ, ಹೊಣೆ ಅಥವಾ ಷರತ್ತು. ಕೊನೆಯದು ಬಹಳ ಅಗಲವಾದ ಬಲೆ. 1872ರ ಕರಾರು ಕಾಯ್ದೆಯಲ್ಲಿ ಇಷ್ಟು ನೇರವಾದ ಮಾತಿಲ್ಲ. 1986ರ ಬ್ರೋಜೋನಾಥ್ ಗಂಗೂಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಏಕಪಕ್ಷೀಯ ಷರತ್ತೊಂದನ್ನು ಹೊಡೆದುಹಾಕಲು ಆ ಕಾಯ್ದೆಯ 23ನೇ ಕಲಂನ ‘ಸಾರ್ವಜನಿಕ ನೀತಿ’ಯ (ಸಾರ್ವಜನಿಕ ಹಿತಕ್ಕೆ ವಿರುದ್ಧವಾದ ಕರಾರು ನಿಲ್ಲದು ಎಂಬ ತತ್ವದ) ಆಸರೆ ಪಡೆಯಬೇಕಾಯಿತು.

ತೊಡಕಿರುವುದು ಬಾಗಿಲಲ್ಲಿ. ಗ್ರಾಹಕರ ದೂರು ಕೇಳುವ ಆಯೋಗಗಳು ಜಿಲ್ಲೆ, ರಾಜ್ಯ, ರಾಷ್ಟ್ರ ಎಂಬ ಮೂರು ಹಂತಗಳಲ್ಲಿವೆ. ಅನ್ಯಾಯದ ಕರಾರಿನ ದೂರು ಕೇಳುವ ಅಧಿಕಾರವನ್ನು ಕಾಯ್ದೆ ರಾಜ್ಯ ಆಯೋಗಕ್ಕೆ (ಕಲಂ 47) ಮತ್ತು ರಾಷ್ಟ್ರೀಯ ಆಯೋಗಕ್ಕೆ (ಕಲಂ 58) ಕೊಟ್ಟಿದೆ. ಜಿಲ್ಲಾ ಆಯೋಗದ ಕಲಂ 34ರಲ್ಲಿ ಆ ಮಾತೇ ಇಲ್ಲ. ಷರತ್ತನ್ನು ರದ್ದೆಂದು ಸಾರುವ ಅಧಿಕಾರವೂ ಕಲಂ 49(2) ಮತ್ತು 59(2)ರಲ್ಲಿದೆ, ಜಿಲ್ಲೆಯವರ ಕಲಂ 39ರಲ್ಲಿಲ್ಲ. ಹೀಗಾಗಿ ಕಲಘಟಗಿಯಲ್ಲಿ ಕಂತಿನ ಮೇಲೆ ಹೊಲಿಗೆ ಯಂತ್ರ ತಂದ ಹೆಣ್ಣುಮಗಳು ಧಾರವಾಡದ ಜಿಲ್ಲಾ ಆಯೋಗದಲ್ಲಿ ‘ಸೇವಾ ನ್ಯೂನತೆ’ (ಸೇವೆಯಲ್ಲಿ ಕೊರತೆ) ಎಂದು ಪರಿಹಾರ ಕೇಳಬಹುದು. ಷರತ್ತೇ ಅನ್ಯಾಯ ಎನ್ನಬೇಕಾದರೆ ರಾಜ್ಯ ಆಯೋಗದ ಮೆಟ್ಟಿಲೇ ಹತ್ತಬೇಕು. ಕರಾರು ಹತ್ತು ಸಾವಿರದ್ದಾದರೂ ಅಷ್ಟೇ. ಆನ್‌ಲೈನ್‌ನಲ್ಲಿ ದೂರು ಕೊಡಬಹುದಲ್ಲ ಎಂದು ತಮ್ಮ ಅಧಿಕಾರಿಗಳು ಹೇಳಬಹುದು. ಕರಾರನ್ನೇ ಓದಲಾಗದವರಿಗೆ ಪೋರ್ಟಲ್ ತೋರಿಸಿ ಏನು ಪ್ರಯೋಜನ?

ಇಂಥದ್ದೇ ಪ್ರಶ್ನೆ ಸ್ಪೇನಿನಿಂದ ಐರೋಪ್ಯ ಒಕ್ಕೂಟದ ನ್ಯಾಯಾಲಯಕ್ಕೆ ಹೋಗಿತ್ತು. ಕಂತಿನಲ್ಲಿ ವಿಶ್ವಕೋಶ ಮಾರಿದವರು ದಾವೆಯೆಲ್ಲ ಬಾರ್ಸಿಲೋನಾದಲ್ಲೇ ನಡೆಯಬೇಕೆಂದು ಕರಾರಿನಲ್ಲಿ ಬರೆದಿದ್ದರು; ಕೊಂಡವರು ಯಾರೂ ಆ ಊರಿನವರಲ್ಲ. 2000ದಲ್ಲಿ ಬಂದ ತೀರ್ಪು, ಗ್ರಾಹಕರು ಕೇಳದಿದ್ದರೂ ನ್ಯಾಯಾಧೀಶರು ತಾವಾಗಿಯೇ ಷರತ್ತನ್ನು ಪರಿಶೀಲಿಸಬಹುದು ಎಂದಿತು. ತನ್ನ ಹಕ್ಕು ಗೊತ್ತಿಲ್ಲದವರು, ಖರ್ಚಿಗೆ ಹೆದರುವವರು ಅದನ್ನು ಎತ್ತುವುದೇ ಇಲ್ಲವಲ್ಲ! ಬ್ರಿಟನ್ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯ 71ನೇ ಕಲಂನಲ್ಲಿ ಇದನ್ನು ನ್ಯಾಯಾಲಯದ ಕರ್ತವ್ಯವನ್ನಾಗಿಯೇ ಮಾಡಿದೆ. ನಮ್ಮ ಜಿಲ್ಲಾ ಆಯೋಗಗಳಿಗೂ ಅಧಿಕಾರದ ಜೊತೆಗೆ ಈ ಕರ್ತವ್ಯವೂ ಬೇಕು. ಕಲಂ 34 ಮತ್ತು 39ಕ್ಕೆ ತಿದ್ದುಪಡಿ ತಂದರೆ ಎರಡೂ ಒಟ್ಟಿಗೆ ಆಗುತ್ತವೆ.

ಇನ್ನು ಭಾಷೆಯ ಮಾತು. ದಕ್ಷಿಣ ಆಫ್ರಿಕಾದ 2008ರ ಗ್ರಾಹಕ ಕಾಯ್ದೆಯ 40ನೇ ಕಲಂ ಪ್ರಕಾರ, ಅನಕ್ಷರತೆಯಿಂದಲೋ ಕರಾರಿನ ಭಾಷೆ ತಿಳಿಯದೆಯೋ ತನ್ನ ಹಿತ ಕಾಯ್ದುಕೊಳ್ಳಲಾಗದವರ ಸ್ಥಿತಿಯನ್ನು ತಿಳಿದೂ ಬಳಸಿಕೊಂಡರೆ ಅದು ನ್ಯಾಯಸಮ್ಮತವಲ್ಲದ ನಡತೆ. ನಮಗೆ ಇದು ಹೊರಗಿನ ಸರಕೇನಲ್ಲ. ಪರ್ದಾನಶೀನ್ ಮಹಿಳೆ (ಪರದೆಯ ಮರೆಯಲ್ಲೇ ಇರುವವಳು) ಪತ್ರಕ್ಕೆ ಸಹಿ ಹಾಕಿದರೆ, ಅರ್ಥ ಮಾಡಿಕೊಂಡೇ ಹಾಕಿದಳೆಂದು ರುಜುವಾತು ಮಾಡುವ ಹೊಣೆ ಪತ್ರದಿಂದ ಲಾಭ ಪಡೆದವರದು ಎಂಬ ನಿಯಮ ಬ್ರಿಟಿಷರ ಆಳ್ವಿಕೆಯಲ್ಲಿ ನಮ್ಮ ಕೊನೆಯ ಮೇಲ್ಮನವಿ ಕೇಳುತ್ತಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಕಾಲದಿಂದ ಇದೆ. ಒಟಿಪಿ ಹೇಳಿಸಿಕೊಂಡು ಟ್ಯಾಬ್ಲೆಟ್ ಮೇಲೆ ಮಾಡಿಸುವ ಕರಾರಿಗೆ ಆ ಹೊಣೆ ಏಕಿರಬಾರದು? ಸಾಲದ ಮುಖ್ಯಾಂಶಗಳ ಪತ್ರ ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕೆಂದು ರಿಸರ್ವ್ ಬ್ಯಾಂಕ್ 2024ರಲ್ಲಿ ಹೇಳಿದೆ. ಆದರೆ ಅದು ಸಾಲಕ್ಕಷ್ಟೇ; ಕೋಚಿಂಗ್ ಸೆಂಟರ್‌ನ ಶುಲ್ಕ, ಪಿ.ಜಿ.ಯ ಅಡ್ವಾನ್ಸ್ ಅದರ ಹೊರಗೆ.

ತಿದ್ದುಪಡಿಗೆ ಸಂಸತ್ತು ಬೇಕು, ಸಮಯ ಹಿಡಿಯುತ್ತದೆ. ಅಲ್ಲಿಯವರೆಗೆ ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಕಲಂ 18ರಡಿ ಮಾರ್ಗಸೂಚಿ ಹೊರಡಿಸಬಹುದು. ಆನ್‌ಲೈನ್‌ನಲ್ಲಿ ಗ್ರಾಹಕರನ್ನು ದಾರಿ ತಪ್ಪಿಸುವ ವಿನ್ಯಾಸಗಳ, ಅಂದರೆ ಡಾರ್ಕ್ ಪ್ಯಾಟರ್ನ್‌ಗಳ, ಬಗ್ಗೆ 2023ರ ನವೆಂಬರ್‌ನಲ್ಲಿ ಹಾಗೆಯೇ ಮಾಡಿತ್ತು. ಒಟ್ಟು ಖರ್ಚು, ದಂಡ, ಕರಾರು ಬಿಡುವ ದಾರಿ ಈ ಮೂರನ್ನು ಗ್ರಾಹಕರ ಭಾಷೆಯ ಒಂದೇ ಪುಟದಲ್ಲಿ ಸಹಿಗೆ ಮುಂಚೆ ಕೊಡಬೇಕು, ಓದಿ ಹೇಳಿದ ಧ್ವನಿಮುದ್ರಣವನ್ನು ಕಂಪನಿ ಕಾದಿಡಬೇಕು ಎಂದು ಅದರಲ್ಲಿ ಸೇರಿಸಿ. ‘ನನಗೆ ನನ್ನ ಭಾಷೆಯಲ್ಲಿ ವಿವರಿಸಲಾಗಿದೆ’ ಎಂದು ಇಂಗ್ಲಿಷಿನಲ್ಲಿ ಅಚ್ಚು ಹಾಕಿ, ಕೆಳಗೆ ಹೆಬ್ಬೆಟ್ಟು ಒತ್ತಿಸಿಕೊಂಡ ಸಾಲನ್ನು ಪುರಾವೆಯೆಂದು ಒಪ್ಪಬೇಡಿ.

ಇಂತಿ,
ಕರಾರು ಮತ್ತು ಗ್ರಾಹಕ ಕಾನೂನಿನ ಅಭ್ಯಾಸಿಗಳು