ಆಗುಂಬೆ ಹತ್ತಿಸಿದವರಿಗೆ

ಮೊನ್ನೆ ಭಾನುವಾರ ಸೈಕಲ್‌ನಲ್ಲಿ ಉಡುಪಿಯಿಂದ ಹೊರಟು ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತಿದೆ. 14 ತಿರುವು, ಎಲ್ಲಿಯೂ ಇಳಿದು ತಳ್ಳಲಿಲ್ಲ. ಫೋಟೋ ನೋಡಿ ತುಂಬಾ ಜನ ಶಹಬ್ಬಾಸ್ ಅಂದಿರಿ. ಖುಷಿಯಾಯಿತು. ಆದರೆ ಅದರಲ್ಲಿ ಬೇರೆಯವರ ಪಾಲೇ ಜಾಸ್ತಿ ಇದೆ, ಹಾಗಾಗಿ ಇದನ್ನು ಬರೆಯುತ್ತಿದ್ದೇನೆ.

ವಿಷಯ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಪಡುಬಿದ್ರಿ ಹತ್ತಿರ ಹೈವೇಯಲ್ಲಿ ರಾಂಗ್ ಸೈಡಿನಿಂದ ಬಂದ ಬೈಕೊಂದು ಗುದ್ದಿತ್ತು. ತೊಡೆ ಮೂಳೆ ಮುರಿಯಿತು, ಒಳಗೆ ರಾಡ್ ಹಾಕಿದ್ದಾರೆ. ಅದರ ಬಗ್ಗೆ ಅಷ್ಟು ಸಾಕು.

ಮೊದಲ ಥ್ಯಾಂಕ್ಸ್ ನಮ್ಮ ಮಾಸ್ಟ್ರಿಗೆ. ರಿಟೈರ್ ಆದ ಮೇಲೆ ಸೈಕಲ್ ಹಿಡಿದವರು, ಬೆಳಗಿನ ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯರು. ನಾನು ಮಲಗಿದ್ದಾಗ ನೋಡಲು ಬಂದವರೆಲ್ಲ "ಎಂತ ಆಗುದಿಲ್ಲ ಮಾರಾಯ, ಎರಡು ತಿಂಗಳಲ್ಲಿ ಸೈಕಲ್ ಮೇಲೆ ಇರ್ತಿ" ಅನ್ನುತ್ತಿದ್ದರು. ಪ್ರೀತಿಯಿಂದಲೇ ಹೇಳಿದ್ದು. ಆದರೆ ಆ ಎರಡು ತಿಂಗಳು ಕಳೆದು, ಇನ್ನೂ ವಾಕರ್ ಹಿಡಿದು ಬಚ್ಚಲಿಗೆ ಹೋಗುವಾಗ ಅದೇ ಮಾತು ಚುಚ್ಚುತ್ತಿತ್ತು. ಮಾಸ್ಟ್ರು ಧೈರ್ಯ ಹೇಳಲಿಲ್ಲ, ಅಮೆರಿಕದ ಸೈಕಲ್ ರೇಸರ್ ಗ್ರೆಗ್ ಲೆಮಾಂಡ್ ಕಥೆ ಹೇಳಿದರು.

ಫ್ರಾನ್ಸಿನ ಮೂರು ವಾರದ ಸೈಕಲ್ ರೇಸ್ ಟೂರ್ ಡಿ ಫ್ರಾನ್ಸ್ ನೋಡುವವರಿಗೆ 8 ಸೆಕೆಂಡಿನ ಕಥೆ ಗೊತ್ತೇ ಇರುತ್ತದೆ. 1989ರ ಕೊನೆಯ ದಿನ, ವರ್ಸೇಲ್ಸ್‌ನಿಂದ ಪ್ಯಾರಿಸ್‌ಗೆ 24.5 ಕಿ.ಮೀ. ಟೈಮ್ ಟ್ರಯಲ್, ಅಂದರೆ ಒಬ್ಬೊಬ್ಬರೇ ಗಡಿಯಾರದ ಎದುರು ತುಳಿಯುವುದು. ಅಲ್ಲಿಯವರೆಗಿನ ಒಟ್ಟು ಸಮಯದಲ್ಲಿ ಫ್ರಾನ್ಸಿನ ಫಿನ್ಯೋನ್ 50 ಸೆಕೆಂಡ್ ಮುಂದಿದ್ದರು. ಲೆಮಾಂಡ್ ಸೈಕಲ್‌ಗೆ ಏರೋ ಬಾರ್ (ಗಾಳಿ ಕಡಿಮೆ ತಾಗುವಂತೆ ಬಗ್ಗಿ ಹಿಡಿಯುವ ಹ್ಯಾಂಡಲ್) ಹಾಕಿಸಿಕೊಂಡು, ದಾರಿಯಲ್ಲಿ ನನಗೆ ಯಾರೂ ಟೈಮ್ ಹೇಳಬೇಡಿ ಎಂದು ತಂಡದವರಿಗೆ ತಾಕೀತು ಮಾಡಿ ಹೊರಟರು, ಗಂಟೆಗೆ 54 ಕಿ.ಮೀ.ಗೂ ಜಾಸ್ತಿ ಸರಾಸರಿಯಲ್ಲಿ ತುಳಿದರು, ಮೂರು ವಾರದ ರೇಸನ್ನು 8 ಸೆಕೆಂಡಿನಲ್ಲಿ ಗೆದ್ದರು. (ನನಗೆ ಮಾತ್ರ ಈಗಲೂ ಫಿನ್ಯೋನ್ ಬಗ್ಗೆಯೇ ಪಾಪ ಅನಿಸುತ್ತದೆ. 1983, 1984ರಲ್ಲಿ ಟೂರ್ ಗೆದ್ದವರು, ಈ ಸಲ ಸೀಟಿನಲ್ಲಿ ಕೂರಲಾಗದಷ್ಟು ಹುಣ್ಣು.)

ಮಾಸ್ಟ್ರು ಹೇಳಿದ್ದು ಅದಕ್ಕಿಂತ ಹಿಂದಿನ ಎರಡು ವರ್ಷದ ಕಥೆ. 1986ರಲ್ಲಿ ಲೆಮಾಂಡ್ ಟೂರ್ ಗೆದ್ದ ಮೊದಲ ಅಮೆರಿಕನ್. ಮರುವರ್ಷ ಏಪ್ರಿಲ್‌ನಲ್ಲಿ ಬೇಟೆಗೆ ಹೋಗಿದ್ದಾಗ ಭಾವನ ಬಂದೂಕಿನ ಗುಂಡು ತಪ್ಪಿ ಇವರಿಗೇ ಬಿತ್ತು. ಹತ್ತಿರದಲ್ಲಿ ಪೊಲೀಸ್ ಹೆಲಿಕಾಪ್ಟರ್ ಇದ್ದದ್ದರಿಂದ ಜೀವ ಉಳಿಯಿತು. 30ಕ್ಕೂ ಜಾಸ್ತಿ ಚರೆಗಳು (ಬೇಟೆ ಬಂದೂಕಿನ ಸಣ್ಣ ಗುಂಡುಗಳು) ಮೈಯಲ್ಲೇ ಉಳಿದವು, ಕೆಲವು ಹೃದಯದ ಪೊರೆಯಲ್ಲಿ. 1987, 1988ರ ಟೂರ್ ಎರಡೂ ತಪ್ಪಿದವು. ವಾಪಸ್ ಬಂದ ಮೇಲೂ ಬೆಟ್ಟ ಬಂದರೆ ಹಿಂದೆ ಬೀಳುತ್ತಿದ್ದರು. 1989ರ ಜಿರೋದಲ್ಲಿ, ಅಂದರೆ ಇಟಲಿಯ ದೊಡ್ಡ ಸೈಕಲ್ ರೇಸಿನಲ್ಲಿ, ಸೈಕಲ್ಲೇ ಬೇಡ ಎಂದು ಹೆಂಡತಿಗೆ ಹೇಳುವ ಮಟ್ಟಕ್ಕೆ ಹೋಗಿದ್ದರು. ಆ ಜಿರೋದಲ್ಲಿ ಅವರಿಗೆ ಸಿಕ್ಕಿದ್ದು 39ನೇ ಸ್ಥಾನ. ಆದರೆ ಕೊನೆಯ ದಿನದ ಟೈಮ್ ಟ್ರಯಲ್‌ನಲ್ಲಿ ಎರಡನೆಯವರಾಗಿ ಬಂದರು. ಮರು ತಿಂಗಳೇ ಟೂರ್, ಆಗಸ್ಟ್‌ನಲ್ಲಿ ವಿಶ್ವ ಚಾಂಪಿಯನ್, 1990ರಲ್ಲಿ ಮತ್ತೆ ಟೂರ್.

"ನೀನು ಆ 39 ನೆನಪಿಟ್ಟುಕೋ. 8 ಎಲ್ಲರಿಗೂ ಗೊತ್ತುಂಟು" ಅಂದರು. ಅದಾದ ಮೇಲೆ ಯಾವಾಗ ಸೈಕಲ್ ಹತ್ತುತ್ತೀ ಎಂದು ಒಮ್ಮೆಯೂ ಕೇಳಲಿಲ್ಲ. ಅದಕ್ಕೇ ಈ ಥ್ಯಾಂಕ್ಸ್.

ನನಗೆ ಹೆಲಿಕಾಪ್ಟರ್ ಬರಲಿಲ್ಲ, ಆಟೋ ಬಂತು. ಒಳಗಿದ್ದ ಮೀನಿನ ಅಕ್ಕ ಬುಟ್ಟಿ ಸಮೇತ ರಸ್ತೆ ಬದಿಯಲ್ಲಿ ಇಳಿದು ನನಗೆ ಜಾಗ ಮಾಡಿಕೊಟ್ಟರು. ಆ ದಿನ ಅವರ ವ್ಯಾಪಾರ ಏನಾಯಿತೋ. ಆಟೋದ ಅಣ್ಣ ಬಾಡಿಗೆ ತೆಗೆದುಕೊಳ್ಳಲಿಲ್ಲ. ಇಬ್ಬರಿಗೂ ಕೈಮುಗಿದೆ.

ಫಿಸಿಯೋ ಮೇಡಂ, ನಿಮ್ಮನ್ನು ಮನಸ್ಸಿನಲ್ಲೇ ತುಂಬಾ ಬೈದಿದ್ದೇನೆ. ಪೆಡಲ್ ಪೂರ್ತಿ ಒಂದು ಸುತ್ತು ತಿರುಗಬೇಕಾದರೆ ಮೊಣಕಾಲು ಸುಮಾರು 110 ಡಿಗ್ರಿ ಮಡಚಬೇಕು, ನನ್ನದು 90 ದಾಟಲು ತಯಾರಿರಲಿಲ್ಲ. ನೀವು ಅಳೆದು, ಬರೆದು, ಮತ್ತೆ ಒತ್ತಿ, ನಾನು ಕಿರುಚಿದರೂ ಬಿಡದೆ ಮಡಚಿಸಿದಿರಿ. ಘಾಟಿಯ ತಿರುವುಗಳಲ್ಲಿ ನಿಮ್ಮದೇ ನೆನಪು ಮಾರಾಯ್ರೆ.

ಮನೆಯವರಿಗೆ ಥ್ಯಾಂಕ್ಸ್ ಹೇಳಿದರೆ ನಗುತ್ತಾರೆ, ಆದರೂ ಹೇಳುತ್ತೇನೆ. ನನ್ನ ಹೆಂಡತಿ ಆಫೀಸಿಗೆ ಹೊರಡುವ ಮುಂಚೆ ನನ್ನ ವ್ಯಾಯಾಮ ಮುಗಿಸಿಯೇ ಹೋಗುತ್ತಿದ್ದಳು, ಸಿಟ್ಟೆಲ್ಲ ಅವಳ ಮೇಲೆ ತೀರಿಸಿದ್ದೇನೆ, ಅವಳೂ ಸುಮ್ನೆ ಬಿಟ್ಟಿಲ್ಲ. ಅಮ್ಮ ಆನೆಗುಡ್ಡೆ ಗಣಪತಿಗೆ ಹರಕೆ ಹೊತ್ತಿದ್ದರು. ಆಗುಂಬೆಗೆ ಹೋಗುತ್ತೇನೆ ಅಂದಾಗ "ನಾನು ಹೇಳಿಕೊಂಡದ್ದು ನಡೆಯಲಿಕ್ಕೆ, ಸೈಕಲ್‌ಗೆ ಅಲ್ಲ" ಎಂದು ಮುಖ ತಿರುಗಿಸಿದರು. ಬೆಳಿಗ್ಗೆ ನೋಡಿದರೆ ಬಾಳೆಹಣ್ಣು, ಬೆಲ್ಲ ಕಟ್ಟಿಟ್ಟಿದ್ದರು.

ನಮ್ಮ ಗುಂಪಿನ ಹುಡುಗರು ಘಾಟಿಯಲ್ಲಿ ನನ್ನನ್ನು ಬಿಟ್ಟು ಮುಂದೆ ಹೋಗಬಹುದಿತ್ತು. ಯಾರೂ ಹೋಗಲಿಲ್ಲ. ಹಿಂದೆಯೇ ನಿಧಾನಕ್ಕೆ ಬಂದರು, ಬಸ್ ಬಂದಾಗ ಮಾತ್ರ ಕೂಗು ಹಾಕಿದರು.

ಕೊನೆಗೆ ಮಲ್ಪೆಯ ಸೈಕಲ್ ಅಂಗಡಿಯ ಅಣ್ಣ. ಈ ಕಡಲ ಗಾಳಿಯಲ್ಲಿ, ಅದೂ ಮಳೆಗಾಲದಲ್ಲಿ, ಸುಮ್ಮನೆ ನಿಂತ ಸೈಕಲ್ ಎಂತ ಆಗುತ್ತದೆ ಗೊತ್ತಲ್ವಾ? ಇವರು ಕೇಳದೆಯೇ ಸೈಕಲನ್ನು ಅಂಗಡಿಗೆ ಒಯ್ದು, ಬಗ್ಗಿದ ಚಕ್ರ ಸರಿ ಮಾಡಿ, ಚೈನ್‌ಗೆ ತುಕ್ಕು ಹಿಡಿಯದಂತೆ ಎಣ್ಣೆ ಹಾಕುತ್ತಾ ಇಟ್ಟುಕೊಂಡಿದ್ದರು. ಎಷ್ಟಾಯಿತು ಅಂದರೆ "ಮೊದಲು ಘಾಟಿ ಹತ್ತಿ, ಮತ್ತೆ ನೋಡುವ" ಅಂದಿದ್ದರು. ಹತ್ತಿಯಾಯಿತು ಅಣ್ಣ, ಇನ್ನಾದರೂ ಬಿಲ್ ಕೊಡಿ.